ಅಂಗಳಕ್ಕೆ ಕೊಟ್ಟ ಅನುಮತಿ ಒಳಕೋಣೆಗಲ್ಲ



ಇನ್ನೊಬ್ಬರ ಮನೆಗೆ ಕಾಲಿಡುವ ಮುನ್ನ ಅನುಮತಿ ಕೇಳಬೇಕು, ಸಲಾಮ್ ಹೇಳಬೇಕು, ಮರಳಿ ಹೋಗಿ ಎಂದರೆ ಮರಳಬೇಕು ಎಂದು ಸೂರಃ ಅನ್ನೂರ್ ಕಲಿಸುತ್ತದೆ. ಜನರ ಗುಟ್ಟುಗಳನ್ನು ಕೆದಕುತ್ತಾ ಹೋಗಬಾರದೆಂದು ಸೂರಃ ಅಲ್ ಹುಜುರಾತ್ ಎಚ್ಚರಿಸುತ್ತದೆ. ಈ ಬೋಧನೆಗಳಿಂದ ನಾವು ತಿಳಿಯಬೇಕಾದ ಒಂದು ವಿಷಯವಿದೆ: ಅನುಮತಿಗೊಂದು ಮೇರೆಯಿದೆ. ನೀರು ಕೇಳಿ ಅಂಗಳಕ್ಕೆ ಬಂದವನು ಒಳಕೋಣೆಯ ಪೆಟ್ಟಿಗೆ ತೆರೆಯುವಂತಿಲ್ಲ. ಕಳೆದ ಶುಕ್ರವಾರದ ಖುತ್ಬಾದಲ್ಲಿ ಇದನ್ನು ನಮ್ಮೆಲ್ಲರ ಬಳಿ ಇರುವ ಆಧಾರ್ ಕಾರ್ಡಿನ ಉದಾಹರಣೆಯಿಂದ ವಿವರಿಸಲಾಯಿತು. ಅದರ ಸಾರಾಂಶ ಇಲ್ಲಿದೆ.

ಆಧಾರ್ ಪ್ರಾಧಿಕಾರ ಸ್ಥಾಪನೆಯಾದದ್ದು 2009ರಲ್ಲಿ. ಗುರುತಿನ ದಾಖಲೆಯೇ ಇಲ್ಲದ ಬಡವರಿಗೂ ಸರ್ಕಾರದ ಸವಲತ್ತು ಸೋರಿಕೆಯಿಲ್ಲದೆ ತಲುಪಬೇಕು ಎಂಬುದು ಉದ್ದೇಶ. ಇದು ಸ್ವಇಚ್ಛೆಯದು, ಕಡ್ಡಾಯವಲ್ಲ ಎಂದೂ ಹೇಳಲಾಗಿತ್ತು. ಉದ್ದೇಶದಲ್ಲಿ ಒಳಿತಿತ್ತು. ಆದರೆ ಬೆರಳಚ್ಚು, ಕಣ್ಣಿನ ಪಾಪೆಯ ಗುರುತು ಸಂಗ್ರಹಿಸುವಾಗ ಅದಕ್ಕೊಂದು ಕಾಯ್ದೆಯೇ ಇರಲಿಲ್ಲ. ಕಾಯ್ದೆ ಬಂದದ್ದು 2016ರಲ್ಲಿ.

ಇದನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ಇಲ್ಲವೆಂಬ ಕಾರಣಕ್ಕೆ ಯಾರಿಗೂ ತೊಂದರೆಯಾಗಬಾರದು ಎಂದು ಕೋರ್ಟು 2013ರಲ್ಲಿ ಆದೇಶಿಸಿತು. 2015ರ ಆಗಸ್ಟಿನಲ್ಲಿ ಅದರ ಬಳಕೆಯನ್ನು ಪಡಿತರ, ಸೀಮೆಎಣ್ಣೆ ಮತ್ತು ಅಡುಗೆ ಅನಿಲಕ್ಕೆ ಸೀಮಿತಗೊಳಿಸಿತು. ಎರಡೇ ತಿಂಗಳಲ್ಲಿ ಉದ್ಯೋಗ ಖಾತರಿ, ಪಿಂಚಣಿ, ಜನಧನ್, ಭವಿಷ್ಯ ನಿಧಿಗಳೂ ಪಟ್ಟಿಗೆ ಸೇರಿದವು. 2017ರಲ್ಲಿ ಪಾನ್ ಕಾರ್ಡ್, ಮೊಬೈಲ್ ಸಿಮ್, ಬ್ಯಾಂಕ್ ಖಾತೆಗಳ ಸರದಿ. ಜೋಡಿಸದಿದ್ದರೆ ಖಾತೆ ಸ್ಥಗಿತ ಎಂಬ ಎಚ್ಚರಿಕೆಯೂ ಬಂತು. ಎಂಟೇ ವರ್ಷಗಳಲ್ಲಿ ಸ್ವಇಚ್ಛೆಯದು ಕಡ್ಡಾಯವಾಗುತ್ತಾ ಬಂತು.

2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಘೋಷಿಸಿತು. 2018ರ ಸೆಪ್ಟೆಂಬರ್ 26ರಂದು ಐವರ ಪೀಠ, ಒಬ್ಬರ ಭಿನ್ನಮತದೊಂದಿಗೆ, ಆಧಾರ್ ಕಾಯ್ದೆಯನ್ನು ಎತ್ತಿಹಿಡಿಯಿತು. ಸಬ್ಸಿಡಿ ಮತ್ತು ಪಾನ್‌ಗೆ ಅದು ಉಳಿಯಿತು. ಬ್ಯಾಂಕ್ ಮತ್ತು ಸಿಮ್‌ಗೆ ಕಡ್ಡಾಯ ಜೋಡಣೆ ರದ್ದಾಯಿತು.

ಗಮನಿಸಬೇಕಾದ ಇನ್ನೊಂದು ಅಂಶವಿದೆ. ರಾಷ್ಟ್ರೀಯ ಭದ್ರತೆಯ ಹೆಸರಿನಲ್ಲಿ ಜಂಟಿ ಕಾರ್ಯದರ್ಶಿ ದರ್ಜೆಯ ಅಧಿಕಾರಿ ಮಾಹಿತಿ ಬಹಿರಂಗಕ್ಕೆ ಸೂಚಿಸಬಹುದೆಂದು ಕಾಯ್ದೆಯಲ್ಲಿತ್ತು. ಕೋರ್ಟು ಅದನ್ನು ರದ್ದುಮಾಡಿ, ಇನ್ನೂ ಮೇಲ್ದರ್ಜೆಯ ಅಧಿಕಾರಿ ಬೇಕು, ಜೊತೆಗೆ ನ್ಯಾಯಾಧೀಶರೂ ಇರುವುದು ಒಳ್ಳೆಯದು ಎಂದಿತು. 2019ರ ತಿದ್ದುಪಡಿ ಅಧಿಕಾರಿಯ ದರ್ಜೆಯನ್ನು ಕಾರ್ಯದರ್ಶಿಗೆ ಏರಿಸಿತು, ನ್ಯಾಯಾಧೀಶರನ್ನು ಮಾತ್ರ ಸೇರಿಸಲಿಲ್ಲ. 2025ರ ಜನವರಿಯ ನಿಯಮಗಳು, ಸರ್ಕಾರದ ಅನುಮೋದನೆಯೊಂದಿಗೆ ಖಾಸಗಿ ಸಂಸ್ಥೆಗಳಿಗೂ ಆಧಾರ್ ದೃಢೀಕರಣದ ಬಾಗಿಲು ತೆರೆದವು.

"ನಾವು ತಪ್ಪು ಮಾಡಿಲ್ಲ, ನಮಗೇಕೆ ಚಿಂತೆ?" ಎಂದು ಕೆಲವರು ಕೇಳುತ್ತಾರೆ. ತಪ್ಪು ಮಾಡದವರೂ ರಾತ್ರಿ ಬಾಗಿಲಿಗೆ ಅಗುಳಿ ಹಾಕುತ್ತಾರಲ್ಲವೇ? ಪಡಿತರದ ಅಂಗಡಿ, ಬ್ಯಾಂಕು, ಸಿಮ್, ಪಿಂಚಣಿ ಎಲ್ಲೆಡೆ ಒಂದೇ ಸಂಖ್ಯೆಯಿದ್ದರೆ, ಬಿಡಿಬಿಡಿಯಾಗಿದ್ದ ಮಾಹಿತಿಯನ್ನು ಪೋಣಿಸಿ ಒಂದು ಕುಟುಂಬದ ಬದುಕನ್ನೇ ಓದುವುದು ಸುಲಭವಾಗುತ್ತದೆ. ಇಂದಿನ ಅಧಿಕಾರಿ ಸಜ್ಜನನೇ ಇರಬಹುದು. ನಾಳೆ ಆ ಕುರ್ಚಿಯಲ್ಲಿ ಕೂರುವವರು ಯಾರೋ ನಮಗೆ ತಿಳಿಯದು. ಆದ್ದರಿಂದಲೇ ಮೇರೆಯು ವ್ಯಕ್ತಿಯ ಒಳ್ಳೆಯತನದಲ್ಲಲ್ಲ, ಕಾನೂನಿನಲ್ಲಿರಬೇಕು.

ನಾವು ಮಾಡಬಹುದಾದ ಕೆಲಸಗಳಿವೆ. ಜೆರಾಕ್ಸ್ ಕೊಡಬೇಕಾದಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ. ಪ್ರತಿಯ ಮೇಲೆ ಯಾವ ಕೆಲಸಕ್ಕೆಂದು ಬರೆದು ದಿನಾಂಕ ಹಾಕಿ. ಬೆರಳಚ್ಚನ್ನು ಪ್ರಾಧಿಕಾರದ ವೆಬ್‌ಸೈಟಿನಲ್ಲಿ ಲಾಕ್ ಮಾಡಬಹುದು, ನಿಮ್ಮ ಆಧಾರ್ ಎಲ್ಲಿ ಬಳಕೆಯಾಯಿತೆಂದೂ ಅಲ್ಲಿ ನೋಡಬಹುದು. ಸಹಾಯವಾಣಿ 1947. ಶಾಲಾ ಪ್ರವೇಶಕ್ಕೆ ಆಧಾರ್ ಕಡ್ಡಾಯವಲ್ಲವೆಂದು 2018ರ ತೀರ್ಪೇ ಹೇಳಿದೆ. ಯಾರಾದರೂ ಕಡ್ಡಾಯವೆಂದರೆ, ಯಾವ ನಿಯಮದಡಿ ಎಂದು ವಿನಯದಿಂದ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಕೇಳುವುದು ಜಗಳವಲ್ಲ. ಪುಟ್ಟಸ್ವಾಮಿಯವರು ಮಾಡಿದ್ದೂ ಅದನ್ನೇ: ಎಂಬತ್ತು ದಾಟಿದ ವಯಸ್ಸಿನಲ್ಲಿ, ಕಾನೂನಿನ ದಾರಿಯಲ್ಲಿ ಒಂದು ಪ್ರಶ್ನೆ ಕೇಳಿದರು.

ಸರ್ಕಾರಕ್ಕೆ ಹೇಳುವ ಮಾತು ನಮ್ಮ ಜಮಾಅತ್‌ಗೂ ಅನ್ವಯಿಸುತ್ತದೆ. ರಮಝಾನ್ ಕಿಟ್‌ಗೆಂದು, ವಿಧವಾ ನೆರವಿಗೆಂದು ಪಡೆದ ಹೆಸರು, ಫೋನ್ ನಂಬರ್, ಆಧಾರ್ ಪ್ರತಿಗಳು ಸಮಿತಿಯ ಸ್ವತ್ತಲ್ಲ, ಅಮಾನತ್. ಚುನಾವಣೆ ಬಂದಾಗ ಆ ಪಟ್ಟಿಯನ್ನು ಯಾವ ಅಭ್ಯರ್ಥಿಗೂ ಕೊಡುವಂತಿಲ್ಲ, ವಾಟ್ಸಾಪ್ ಗುಂಪಿಗೂ ಹಾಕುವಂತಿಲ್ಲ. ಕೆಲಸ ಮುಗಿದ ಮೇಲೆ ಪ್ರತಿಗಳನ್ನು ಹಿಂತಿರುಗಿಸಬೇಕು ಅಥವಾ ನಾಶಪಡಿಸಬೇಕು. ನೆರವು ಕೇಳಿ ಬಂದ ತಾಯಿ ತನ್ನ ಬಡತನವನ್ನು ನಮಗೆ ತೋರಿಸಿದ್ದು ಆ ನೆರವಿಗಾಗಿ ಮಾತ್ರ.

ನಮ್ಮ ಕೈಗೆ ಬಂದ ಪ್ರತಿಯೊಂದು ಅಮಾನತನ್ನು ಅದರ ಮೇರೆಯೊಳಗೆ ಕಾಪಾಡುವ ಶಕ್ತಿಯನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್.