ಫ್ಲೋರೈಡ್ ನೀರು ಮತ್ತು ಮುದಿ ಹಸುವಿನ ಹಲ್ಲು

ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಜನರೂ ಜಾನುವಾರುಗಳೂ ಬಹುಮಟ್ಟಿಗೆ ಆಳದ ಕೊಳವೆಬಾವಿಗಳನ್ನೇ ನೆಚ್ಚಿದ್ದು, ಶಿಲೆಗಳ ಬಿರುಕುಗಳಲ್ಲಿ ದೀರ್ಘಕಾಲ ನಿಂತ ಆ ನೀರಿನ ಫ್ಲೋರೈಡ್ ಅಂಶವು ಹಲವೆಡೆ ಮನುಷ್ಯರಿಗೆ ನಿಗದಿಯಾದ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರುತ್ತದೆ. ಮಕ್ಕಳ ಹಲ್ಲಿನ ಕಲೆಗಳು ಎಲ್ಲರ ಕಣ್ಣಿಗೆ ಬೀಳುತ್ತವೆ. ಅದೇ ನೀರು ಕುಡಿಯುವ ಹಸುವಿನ ಬಾಯನ್ನು ನೋಡುವವರು ಕಡಿಮೆ.

ಹಸುವಿನ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲುಗಳಿರದೆ ಗಟ್ಟಿಯಾದ ವಸಡಿರುತ್ತದೆ. ಕೆಳಗಿನ ಎಂಟು ಬಾಚಿಹಲ್ಲುಗಳು ಸುಮಾರು 2ರಿಂದ 5 ವರ್ಷದೊಳಗೆ ಜೋಡಿಜೋಡಿಯಾಗಿ ಬದಲಾಗುತ್ತವೆ. ಈ ಶಾಶ್ವತ ಹಲ್ಲುಗಳು ದವಡೆಯೊಳಗೆ ರೂಪುಗೊಳ್ಳುವಾಗ ಫ್ಲೋರೈಡ್ ಹೆಚ್ಚಾದರೆ ಅವುಗಳ ಹೊರಕವಚವಾದ ಎನಾಮಲ್ ಸರಿಯಾಗಿ ಗಟ್ಟಿಗೊಳ್ಳದೆ, ಸುಣ್ಣದಂತೆ ಮಂಕಾಗಿ, ಕಂದುಗೆರೆ ಮೂಡಿ, ಬೇಗ ಸವೆಯುತ್ತದೆ. ಇದೇ ದಂತ ಫ್ಲೋರೋಸಿಸ್. ದವಡೆಹಲ್ಲುಗಳು ಏರುಪೇರಾಗಿ ಸವೆದ ಮುದಿ ಹಸು ಮೇವನ್ನು ಅರೆಯಲಾರದೆ ಬಡಕಲಾಗುತ್ತದೆ, ತಣ್ಣೀರು ತಾಗಿದರೆ ನೋಯುವುದರಿಂದ ನೀರನ್ನು ನಾಲಿಗೆಯಿಂದ ನೆಕ್ಕುತ್ತದೆ.

ಕುದುರೆಯ ಹಲ್ಲು ಬಹುಕಾಲ ವಸಡಿನಿಂದ ಮೇಲೇರುತ್ತಲೇ ಇರುವುದರಿಂದ ಅದರ ಚೂಪು ಅಂಚುಗಳನ್ನು ಪಶುವೈದ್ಯರು ಅರದಿಂದ ಉಜ್ಜಿ ಸರಿಪಡಿಸುತ್ತಾರೆ. ಆದರೆ ಹಸುವಿನಲ್ಲಿ ಕೆಟ್ಟ ಎನಾಮಲ್ ಮರಳಿ ಬಾರದ ಕಾರಣ ಆರೈಕೆಯು ಮುಖ್ಯವಾಗಿ ಮೇವಿನದೇ ಆಗಿರುತ್ತದೆ. ಒರಟಾದ ರಾಗಿಹುಲ್ಲನ್ನು ಸಣ್ಣಗೆ ಕತ್ತರಿಸಿ, ಬೂಸಾ ಹಿಂಡಿಗಳನ್ನು ಚೆನ್ನಾಗಿ ನೆನೆಸಿ, ಎಳೆಯ ಹಸಿರುಮೇವನ್ನು ಹೆಚ್ಚಿಸಿ, ಕುಡಿಯಲು ಉಗುರುಬೆಚ್ಚಗಿನ ನೀರಿಟ್ಟರೆ ಹಸು ಮತ್ತೆ ಮೈದುಂಬಿಕೊಳ್ಳುವ ಸಾಧ್ಯತೆಯಿದೆ. ಜೊಲ್ಲು ಸುರಿಸುವ ಹಸುವಿನ ಬಾಯಿಗೆ ಬರಿಗೈ ಹಾಕಲೇಬಾರದು, ಏಕೆಂದರೆ ಅದು ರೇಬೀಸ್ ರೋಗದ ಲಕ್ಷಣವೂ ಆಗಿರಬಹುದು. ಪರೀಕ್ಷೆಯನ್ನು ಪಶುವೈದ್ಯರಿಗೇ ಬಿಡಬೇಕು.

ಹಲ್ಲು ರೂಪುಗೊಳ್ಳುವಾಗಲೇ ಫ್ಲೋರೈಡ್ ಹಾನಿ ಮಾಡುವುದರಿಂದ, ಸಂಗ್ರಹಿಸಿದ ಮಳೆನೀರು ಎಲ್ಲ ದನಗಳಿಗೆ ಸಾಲದಿದ್ದಾಗ ಅದನ್ನು ಮೊದಲು ಕರುಗಳಿಗೆ, ಹಲ್ಲು ಬದಲಾಗುತ್ತಿರುವ ಕಡಸುಗಳಿಗೆ ಮೀಸಲಿಡುವುದು ಯುಕ್ತ.