ಕರುಗಳ ಹುಳುಕಡ್ಡಿ ರೋಗವನ್ನು ಸೂಕ್ಷ್ಮದರ್ಶಕದಿಂದ ಗುರುತಿಸುವ ಕ್ರಮ

ಕರುಗಳ ಕಣ್ಣಿನ ಸುತ್ತಲೂ ಕುತ್ತಿಗೆಯ ಮೇಲೂ ಕೂದಲುದುರಿ ಬೂದಿಬಣ್ಣದ ಹಕ್ಕಳೆಗಳು ದುಂಡಗೆ ಕಟ್ಟುವುದುಂಟು. ಇದನ್ನು ರೈತರು ಕಜ್ಜಿಯೆಂದೇ ಭಾವಿಸುವರು. ಕಜ್ಜಿಯು ಸಣ್ಣ ನುಸಿಗಳಿಂದ ಬರತಕ್ಕದ್ದು; ಹುಳುಕಡ್ಡಿಯಾದರೋ, ಹೆಸರಿನಲ್ಲಿ ಹುಳುವಿದ್ದರೂ, ಟ್ರೈಕೊಫೈಟನ್ ವೆರುಕೋಸಮ್ ಎಂಬ ಶಿಲೀಂಧ್ರದಿಂದ ಬರತಕ್ಕದ್ದು. ಇದು ಕರುವನ್ನು ನೋಡಿಕೊಳ್ಳುವ ಮನುಷ್ಯರಿಗೂ ಅಂಟುವುದು. ಆದುದರಿಂದ ರೋಗನಿರ್ಣಯವು ಅವಶ್ಯಕ.

ಔಷಧ ಸವರುವುದಕ್ಕೆ ಮುಂಚೆಯೇ, ಮಚ್ಚೆಯ ಅಂಚಿನಿಂದ ಹೊಟ್ಟನ್ನು ಕೆರೆದು, ಮುರುಕು ಕೂದಲುಗಳನ್ನು ಬುಡಸಹಿತ ಕಿತ್ತು, ಒಣ ಕಾಗದದ ಪೊಟ್ಟಣದಲ್ಲಿ ಪಶುವೈದ್ಯಶಾಲೆಗೆ ಕಳುಹಿಸತಕ್ಕದ್ದು. ಸೀಸೆಯಲ್ಲಿ ಮುಚ್ಚಿಟ್ಟರೆ ತೇವವುಂಟಾಗಿ ಇತರ ಸೂಕ್ಷ್ಮಜೀವಿಗಳು ಬೆಳೆಯುವುವು. ಇದನ್ನು ಗಾಜಿನ ಫಲಕದ ಮೇಲೆ, ನೂರಕ್ಕೆ 10ರಿಂದ 20 ಭಾಗ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಉಳ್ಳ ದ್ರಾವಣದಲ್ಲಿ ನೆನೆಯಿಸಿದರೆ, ಚರ್ಮದ ಕಣಗಳು ಕರಗಿ ತಿಳಿಯಾಗುವುವು, ಶಿಲೀಂಧ್ರವು ಉಳಿಯುವುದು. ಆಗ 400 ಮಡಿ ಹಿಗ್ಗಿಸಿ ನೋಡಿದರೆ ಅಡ್ಡಗೋಡೆಗಳುಳ್ಳ ಕವಲೆಳೆಗಳೂ, ಕೂದಲಿನ ಸುತ್ತ ಮಣಿಸರದಂತಿರುವ ಬೀಜಾಣುಗಳೂ ಕಾಣುವುವು. ಮನುಷ್ಯರ ಚರ್ಮಕ್ಕೂ ಇದೇ ಪರೀಕ್ಷೆ. ಒಮ್ಮೆ ಕಾಣದಿದ್ದ ಮಾತ್ರಕ್ಕೆ ರೋಗವಿಲ್ಲವೆನ್ನಲಾಗದು. ಶಿಲೀಂಧ್ರವನ್ನು ಪ್ರಯೋಗಶಾಲೆಯಲ್ಲಿ ಬೆಳೆಯಿಸಿ ನೋಡಬೇಕು.

ಬೀಜಾಣುಗಳು ಕೊಟ್ಟಿಗೆಯ ಕಂಬಗಳಲ್ಲಿ ವರ್ಷಗಟ್ಟಲೆ ಜೀವಿಸಬಲ್ಲವು. ರೋಗದ ಕರುವನ್ನು ಬೇರೆ ಕಟ್ಟಿ, ಮುಟ್ಟಿದ ಕೈಗಳನ್ನು ಸಾಬೂನಿನಿಂದ ತೊಳೆಯತಕ್ಕದ್ದು. ಮನೆಯ ಮಕ್ಕಳಿಗೆ ಮಚ್ಚೆಯೆದ್ದರೆ ವೈದ್ಯರಿಗೆ ಕರುವಿನ ವಿಷಯವನ್ನೂ ತಿಳಿಸಬೇಕು. ಅಂಗಡಿಯಿಂದ ತಂದ ಸ್ಟೀರಾಯ್ಡ್ ಮುಲಾಮು ಕೆಂಪನ್ನು ಅಡಗಿಸಿ, ರೋಗವನ್ನು ಒಳಗೊಳಗೇ ಹಬ್ಬಿಸುವುದು. ಈ ಸಂಗತಿಯನ್ನು ಗ್ರಾಮದ ಮುಖಂಡರು ಎಲ್ಲರಿಗೂ ತಿಳಿಯಪಡಿಸುವುದು ಉಚಿತ.