ಮನೆಯಂಚಿನ ಮರ: ಕರಾರು ಮೊದಲು, ಕೊಡಲಿ ಆಮೇಲೆ



ಕೊಯ್ಲು ಮುಗಿದು ಹೂಮಳೆಗೆ ಕಾಯುವ ದಿನಗಳಲ್ಲಿ, ಮನೆಯ ಮೇಲೋ ಅಡಿಕೆ ಚಪ್ಪರದ ಮೇಲೋ ಬಾಗಿ ನಿಂತ ಮರಗಳತ್ತ ನಮ್ಮೆಲ್ಲರ ಕಣ್ಣು ಹೋಗುವುದು ಸಹಜ. ಮಳೆಗಾಲದ ಗಾಳಿಗೆ ಮುಂಚೆ ತೆಗೆಸಿಬಿಡಬೇಕೆಂಬ ಆತುರದಲ್ಲಿ, ಸಿಕ್ಕಿದ ಕಂಟ್ರಾಕ್ಟುದಾರನಿಗೆ ಕೆಲಸ ಒಪ್ಪಿಸುವವರು ನಮ್ಮಲ್ಲಿ ಅನೇಕರು. ನಾನೂ ಹಾಗೆ ಮಾಡಿದವನೇ.

ಕೆಲವು ವರ್ಷಗಳ ಹಿಂದೆ ನಮ್ಮ ಹಿತ್ತಲಿನಲ್ಲಿ ಬುಡ ಟೊಳ್ಳಾದ ನಂದಿ ಮರವೊಂದಿತ್ತು. ಕಡಿಯಲು ಅನುಮತಿಯನ್ನೇನೋ ಪಡೆದಿದ್ದೆ. "ಕೂಲಿ ಬೇಡ ಸ್ವಾಮಿ, ನಾಟಾ ನನಗಿರಲಿ" ಎಂದು ಕಂಟ್ರಾಕ್ಟುದಾರನೊಬ್ಬ ಬಂದ. ಖರ್ಚಿಲ್ಲದೆ ಕೆಲಸವಾಯಿತೆಂದು ಒಪ್ಪಿಬಿಟ್ಟೆ. ಆದರೆ ಅವನಿಗೆ ಬೇಕಾದದ್ದು ಉದ್ದನೆಯ ದಿಮ್ಮಿ. ನನಗೆ ಬೇಕಾದದ್ದು ಮನೆಯ ಕ್ಷೇಮ. ಮೇಲಿನಿಂದ ತುಂಡು ತುಂಡಾಗಿ ಇಳಿಸಿದರೆ ದಿಮ್ಮಿ ಹಾಳೆಂದು, ಮರವನ್ನು ಇಡಿಯಾಗಿ ಕೆಡವಲು ಹೊರಟ. ಹಗ್ಗ ಕಟ್ಟಲು ಏರಿದ ಹುಡುಗ ಒಣಕೊಂಬೆ ಮುರಿದು ಕೆಳಗೆ ಬಿದ್ದ. ಮಾರನೆಯ ದಿನದಿಂದ ಕಂಟ್ರಾಕ್ಟುದಾರನ ಸುಳಿವೇ ಇಲ್ಲ. ಆಸ್ಪತ್ರೆಯ ಖರ್ಚು, ಹುಡುಗನ ಮನೆಯ ನಾಲ್ಕು ತಿಂಗಳ ದಿನಸಿ, ಕೊನೆಗೆ ಬೇರೆಯವರಿಂದ ಮರ ತೆಗೆಸಿದ ಕೂಲಿ ಎಲ್ಲವೂ ನನ್ನ ಪಾಲಿಗೆ ಬಂತು. ಆತ ಇಂದಿಗೂ ಕುಂಟುತ್ತ ನಡೆಯುತ್ತಾನೆ. ಆ ಅನುಭವದಿಂದ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಮರ ಪರೀಕ್ಷೆ

ಬಾಗಿದ ಮರವೆಲ್ಲ ಬೀಳುವ ಮರವಲ್ಲ. ಬುಡದಲ್ಲಿ ಅಣಬೆ ಎದ್ದಿದೆಯೇ, ಕೊಡಲಿಯ ಹಿಂಭಾಗದಿಂದ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆಯೇ, ವಾಲಿದ ದಿಕ್ಕಿನ ಹಿಂಬದಿಯಲ್ಲಿ ಮಣ್ಣು ಬಿರಿದು ಎದ್ದಿದೆಯೇ ನೋಡಿ. ಇವು ಯಾವುವೂ ಇಲ್ಲದಿದ್ದರೆ ಅನೇಕ ವೇಳೆ ಮರಗಸಿ ಮಾಡಿಸಿ ಭಾರ ಇಳಿಸಿದರೆ ಸಾಕಾಗುತ್ತದೆ.

ಅನುಮತಿ

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ, ಸ್ವಂತ ಜಮೀನಿನ ಮರವಾದರೂ ಕಡಿಯುವ ಮುನ್ನ ವೃಕ್ಷಾಧಿಕಾರಿಯ ಅನುಮತಿ ಬೇಕು. ಸಿಲ್ವರ್ ಓಕ್, ಹಾಲುವಾಣ, ತೆಂಗು ಮುಂತಾದ ಕೆಲವು ಜಾತಿಗಳಿಗೆ ಮಾತ್ರ ವಿನಾಯಿತಿ. ಕೆಲವು ಜಮೀನುಗಳಲ್ಲಿ ಮರದ ಹಕ್ಕು ಸರ್ಕಾರದ್ದಾಗಿಯೇ ಉಳಿದಿರುವುದುಂಟು. ಅಂತಹ ಕಡೆ ನಾಟಾ ಕೊಡುತ್ತೇನೆಂದು ಮಾತು ಕೊಡುವ ಅಧಿಕಾರವೇ ನಮಗಿಲ್ಲ. ಆದ್ದರಿಂದ ಪಹಣಿ ಹಿಡಿದು ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿ. "ಅದೆಲ್ಲ ನಾನು ನೋಡಿಕೊಳ್ಳುತ್ತೇನೆ" ಎನ್ನುವ ಕಂಟ್ರಾಕ್ಟುದಾರನ ಮಾತನ್ನು ನಂಬಿ ಕೂರಬೇಡಿ. ರಹದಾರಿಯಿಲ್ಲದೆ ನಾಟಾ ಸಾಗಿಸಿ ಸಿಕ್ಕಿಬಿದ್ದರೆ ವಿಚಾರಣೆ ನಮ್ಮ ಮನೆ ಬಾಗಿಲಿಗೂ ಬರುತ್ತದೆ.

ಕರಾರು

ನಾಟಾಕ್ಕೆ ಬದಲು ಕೆಲಸ ಎಂಬ ಒಪ್ಪಂದ ಮಾಡಬೇಡಿ. ಕೂಲಿಯನ್ನು ಬೇರೆ, ಮರದ ಬೆಲೆಯನ್ನು ಬೇರೆ ಗೊತ್ತುಮಾಡಿ. ಆಗ ಮರವನ್ನು ಜೋಪಾನವಾಗಿ ಇಳಿಸುವುದರಿಂದ ಕೆಲಸದವನಿಗೆ ನಷ್ಟವಿಲ್ಲ. ಒಂದೇ ಹಾಳೆಯಾದರೂ ಸರಿ, ಈ ಅಂಶಗಳನ್ನು ಬರೆದು ಇಬ್ಬರೂ ಸಹಿ ಮಾಡಿ:

1. ಕಂಟ್ರಾಕ್ಟುದಾರನ ಪೂರ್ಣ ಹೆಸರು, ವಿಳಾಸ. ಮರ ಏರುವವರ ಹೆಸರುಗಳು.
2. ಯಾವ ಮರ, ಯಾವ ಕಡೆಗೆ, ಇಡಿಯಾಗಿಯೋ ತುಂಡಾಗಿಯೋ.
3. ಸೊಪ್ಪು, ಕೊಂಬೆ, ಬೊಡ್ಡೆ ತೆಗೆಯುವುದು ಯಾರ ಹೊಣೆ.
4. ಹೆಂಚು, ತಂತಿ, ಕಾಫಿ ಗಿಡಗಳಿಗೆ ಹಾನಿಯಾದರೆ ತುಂಬಿಕೊಡುವವರು ಯಾರು.
5. ಕೆಲಸಗಾರರಿಗೆ ವಿಮೆ ಇದೆಯೇ. ಇದ್ದರೆ ಅದರ ನಕಲು.
6. ಹಣದ ದೊಡ್ಡ ಪಾಲು ಕೆಲಸ ಮುಗಿದು ಜಾಗ ತೆರವಾದ ಮೇಲೆ.

ಐದನೆಯದನ್ನು ಹಗುರವಾಗಿ ಕಾಣಬೇಡಿ. ತೋಟದ ವಹಿವಾಟಿನ ಕೆಲಸವನ್ನು ಕಂಟ್ರಾಕ್ಟಿಗೆ ಕೊಟ್ಟಿದ್ದರೂ, ಗಾಯಗೊಂಡ ಆಳು ಮಾಲೀಕನಿಂದಲೇ ಪರಿಹಾರ ಕೇಳಬಹುದು ಎಂಬುದು 1923ರ ಪರಿಹಾರ ಕಾಯ್ದೆಯ ಕಾಲದಿಂದ ಬಂದು, 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಉಳಿದಿರುವ ತತ್ತ್ವ. ಆಮೇಲೆ ಕಂಟ್ರಾಕ್ಟುದಾರನಿಂದ ವಸೂಲು ಮಾಡುವ ಹಕ್ಕು ನಮಗುಂಟು. ಆದರೆ ವಿಳಾಸವೇ ತಿಳಿಯದವನಿಂದ ವಸೂಲು ಮಾಡುವುದೆಲ್ಲಿ?

ಕಡಿಯುವ ದಿನ

ಹತ್ತಿರ ವಿದ್ಯುತ್ ತಂತಿಯಿದ್ದರೆ ಮೊದಲೇ ಕಚೇರಿಗೆ ತಿಳಿಸಿ ಲೈನ್ ನಿಲ್ಲಿಸಿ. ಮಕ್ಕಳು, ದನಕರುಗಳನ್ನು ಮರದ ಎತ್ತರದ ಎರಡರಷ್ಟು ದೂರ ಇಡಿ. ಮನೆಗೆ ತಾಗಿದ ಮರವನ್ನು ಹಗ್ಗದಲ್ಲಿ ಕೊಂಬೆ ಕೊಂಬೆಯಾಗಿ ಇಳಿಸುವುದೇ ಕ್ಷೇಮ. ಬಯಲಿಗೆ ಕೆಡವುವುದಾದರೆ, ಬೀಳಬೇಕಾದ ಕಡೆ ಮೊದಲು ಕಚ್ಚು ಹಾಕಿ, ಹಿಂಬದಿಯಿಂದ ಅದಕ್ಕಿಂತ ಸ್ವಲ್ಪ ಮೇಲೆ ಕೊಯ್ಯಬೇಕು. ನಡುವೆ ಒಂದಿಷ್ಟು ಮರ ಕೀಲಿನಂತೆ ಉಳಿದರೆ ಮಾತ್ರ ಬೀಳುವ ದಿಕ್ಕು ನಮ್ಮ ಹಿಡಿತದಲ್ಲಿರುತ್ತದೆ. ಟೊಳ್ಳು ಬುಡದಲ್ಲಿ ಈ ಕೀಲು ನಿಲ್ಲದು. ಮಳೆ ಬಂದರೆ, ಗಾಳಿ ಎದ್ದರೆ ಕೆಲಸ ನಿಲ್ಲಿಸಿ. ಒಂದು ದಿನದ ಕೂಲಿ ಹೋದರೆ ಹೋಗಲಿ.

ಮರ ಏರುವವನು ನಮ್ಮ ಮನೆ ಉಳಿಸಲು ತನ್ನ ಜೀವ ಪಣವಿಟ್ಟು ಏರುತ್ತಾನೆ. ಅವನು ಸಂಜೆ ನಡೆದುಕೊಂಡು ಮನೆಗೆ ಹೋಗುವಂತೆ ನೋಡಿಕೊಳ್ಳುವುದು ಕೆಲಸ ಹೇಳಿದ ನಮ್ಮ ಕರ್ತವ್ಯವೆಂದು ಸದಸ್ಯರು ದಯವಿಟ್ಟು ಗಮನಿಸಬೇಕಾಗಿ ವಿನಂತಿ.

— ಕಾರ್ಯದರ್ಶಿ